ಆಪಾ ಬರೆಸಿದ ಪಟ್ಟಿ

ಆಪಾ ತೀರಿಕೊಂಡು ಒಂದೂವರೆ ತಿಂಗಳಾಯಿತು. ಸತ್ತವರ ಬಗ್ಗೆ ಬರೆಯುವಾಗ ಮನಸ್ಸು ಮೆತ್ತಗಾಗಿರಬೇಕು ಅನ್ನುತ್ತಾರೆ. ನನ್ನದು ಆಗಿಲ್ಲ. ಬರೆಯೋಕೆ ಕೂತಾಗಲೆಲ್ಲ ಕಿವಿ ಬಿಸಿಯಾಗುತ್ತದೆ, ಎದ್ದು ಹೋಗಿ ನೀರು ಕುಡಿದು ಬರುತ್ತೇನೆ, ಬಂದು ನೋಡಿದರೆ ಒಂದು ಸಾಲೂ ಮುಂದೆ ಹೋಗಿರುವುದಿಲ್ಲ. ಇವತ್ತು ಏಳುವುದಿಲ್ಲ ಅಂತ ಕೂತಿದ್ದೇನೆ.

ಆರ್.ಟಿ. ನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಕಾಂಪೌಂಡ್ ಗೋಡೆ. ಬೀದಿಯವರೆಲ್ಲ ಅವರನ್ನು ಆಪಾ ಅನ್ನುತ್ತಿದ್ದರು. ಆಪಾ ಅಂದರೆ ಅಕ್ಕ ಅಂತ ನಮ್ಮಮ್ಮನಿಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ, ಅದೇ ಅವರ ಹೆಸರು ಅಂದುಕೊಂಡಿದ್ದಳು. ಅಣ್ಣನ ಮದುವೆ ಪತ್ರಿಕೆಯ ಮೇಲೆ ‘ಶ್ರೀಮತಿ ಆಪಾ ಅವರಿಗೆ’ ಅಂತ ಬರೆದೇ ಕೊಟ್ಟಳು. ಆಪಾ ಅದನ್ನು ಫ್ರಿಡ್ಜಿನ ಬಾಗಿಲಿಗೆ ಅಂಟಿಸಿಕೊಂಡು ಮನೆಗೆ ಬಂದವರಿಗೆಲ್ಲ ತೋರಿಸಿ ನಕ್ಕರು. ಅವರು ನಗುವುದೇ ಅಪರೂಪ, ಹಾಗಾಗಿ ನೆನಪಿದೆ.

ಅವರ ಗಂಡನಿಗೆ ಮುಖ್ಯರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಸಣ್ಣ ಅಂಗಡಿ ಇತ್ತು. ಭಾಯ್ ಅಂತಲೇ ಎಲ್ಲರೂ ಕರೆಯುತ್ತಿದ್ದರು. ತುಂಬ ಒಳ್ಳೆಯ ಮನುಷ್ಯ, ಯಾರ ಜೊತೆಗೂ ಜಗಳವಿಲ್ಲ. ಆದರೆ ಕಂಪ್ಯೂಟರಿನ ಒಳಗೆ ಏನಿದೆ ಅನ್ನುವುದು ಅವರಿಗೆ ಅಷ್ಟಕ್ಕಷ್ಟೇ. ಅದು ಗೊತ್ತಿದ್ದದ್ದು ಆಪಾಗೆ. ಮದುವೆಗೆ ಮುಂಚೆ ಅವರು ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಸರ್ಕಿಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ ಮಾಡಿದ್ದರು. ಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಂದು ಸಲ ನೋಡಿದರೆ ಸಾಕು, ಯಾವ ಕಾಲಿಗೆ ಬೆಸುಗೆ ಸರಿಯಾಗಿ ಹಿಡಿದಿಲ್ಲ ಅಂತ ಹೇಳುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ, ಹೂವಿನ ಪರದೆಯ ಹಿಂದೆ, ಒಂದು ಹಳೆಯ ಊಟದ ಮೇಜಿನ ಮೇಲೆ ಅವರ ಕೆಲಸ ನಡೆಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಏನಾದರೂ ಕೇಳಿದರೆ ಭಾಯ್ ಹೊರಗೆ ಬಂದು ಮನೆಗೆ ಫೋನ್ ಮಾಡುತ್ತಿದ್ದರು. ಆಪಾ ಹೇಳಿದ್ದನ್ನು ಒಳಗೆ ಹೋಗಿ ತಮ್ಮ ಮಾತು ಅನ್ನುವ ಹಾಗೆ ಹೇಳುತ್ತಿದ್ದರು.

ಮೊದಮೊದಲು ಭಾಯ್ ನೇರವಾಗಿಯೇ ‘ನಮ್ಮ ಮನೆಯವರನ್ನ ಕೇಳಿ ಹೇಳ್ತೀನಿ’ ಅನ್ನುತ್ತಿದ್ದರಂತೆ. ಒಂದು ದಿನ ಬಡಾವಣೆಯ ಬ್ಯಾಂಕ್ ಅಧಿಕಾರಿಯೊಬ್ಬರು ಅದನ್ನು ಕೇಳಿ ಗಟ್ಟಿಯಾಗಿ ನಕ್ಕು, ಹಾಗಾದರೆ ಅಡುಗೆ ಬಗ್ಗೆ ನಿಮ್ಮನ್ನ ಕೇಳಬೇಕಾ ಅಂದರಂತೆ. ಆವತ್ತಿನಿಂದ ಭಾಯ್ ‘ಯೋಚನೆ ಮಾಡಿ ಹೇಳ್ತೀನಿ’ ಅನ್ನಲು ಶುರು ಮಾಡಿದರು. ಈ ಕತೆಯನ್ನು ನನಗೆ ಹೇಳಿದ್ದು ಆಪಾ. ಹೇಳಿ ಮುಗಿಸಿ, ಸ್ಕ್ರೂ ಬಿಗಿ ಮಾಡುತ್ತಾ, ಯಾರನ್ನೂ ನೋಡದೆ ಅಂದರು: “ಬುದ್ಧಿ ನಂದು, ಗಡ್ಡ ಅವರದು.”

ಆಪಾ ಸಿಟ್ಟಿನವರು. ಆದರೆ ಅವರ ಸಿಟ್ಟಿಗೆ ಸದ್ದು ಇರಲಿಲ್ಲ. ಸಿಟ್ಟು ಬಂದಾಗ ದನಿ ಇನ್ನೂ ತಗ್ಗುತ್ತಿತ್ತು, ಮಾತು ನಿಧಾನವಾಗುತ್ತಿತ್ತು, ಎದುರಿಗಿರುವವರು ನಿನ್ನೆಯವರೆಗೆ ‘ನೀನು’ ಆಗಿದ್ದರೂ ‘ನೀವು’ ಆಗಿಬಿಡುತ್ತಿದ್ದರು. ಅವರ ಮಗಳು, ನನಗಿಂತ ಐದು ವರ್ಷ ಚಿಕ್ಕವಳು, ಶಾಲೆಯಲ್ಲಿ ಅಂಕ ಕಡಿಮೆ ಬಂದ ದಿನ ನಮ್ಮ ಮನೆಗೆ ಓಡಿ ಬಂದು ‘ಅಮ್ಮಿ ನನಗೆ ಬನ್ನಿ ಹೋಗಿ ಅಂತಿದ್ದಾರೆ’ ಅಂತ ಅತ್ತಿದ್ದಳು. ಬೈಗುಳಕ್ಕಿಂತ ಅದಕ್ಕೇ ಎಲ್ಲರಿಗೂ ಹೆದರಿಕೆ.

ಒಮ್ಮೆ ಒಬ್ಬ ತಂದೆ ಮಗನಿಗೆ ಗೇಮಿಂಗ್ ಕಂಪ್ಯೂಟರ್ ಮಾಡಿಸಲು ಮನೆಗೇ ಬಂದಿದ್ದರು. ಗಾಜಿನ ಕ್ಯಾಬಿನೆಟ್ ಬೇಕು, ಒಳಗೆಲ್ಲ ಬಣ್ಣದ ಲೈಟು ಬೇಕು, ಆದರೆ ಎಸ್‌ಎಂಪಿಎಸ್ ಯಾವುದಾದರೂ ಅಗ್ಗದ್ದು ಹಾಕಿ ಅಂದರು. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ತಗೊಂಡು ಕಂಪ್ಯೂಟರಿನ ಎಲ್ಲ ಭಾಗಕ್ಕೂ ಹದವಾಗಿ ಹಂಚುವ ಕಬ್ಬಿಣದ ಡಬ್ಬಿ. ಹೊರಗೆ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ಮೊದಲು ಕೈ ಬಿಗಿ ಹಿಡಿಯುವುದು ಅಲ್ಲೇ. ಅವರು ಕೊಟ್ಟಿದ್ದ ಮುಂಗಡವನ್ನು ಆಪಾ ವಾಪಸ್ ಮೇಜಿನ ಮೇಲೆ ಇಟ್ಟು, ತೀರಾ ಮೆತ್ತಗೆ ಹೇಳಿದರು: “ಲೈಟ್ ಬೇಕಿದ್ರೆ ನೀವು ಸೀರಿಯಲ್ ಸೆಟ್ ತಗೊಂಡ್ ಹೋಗಿ. ಮನೆ ಮುಂದೆ ಕಟ್ಕೊಳ್ಳಿ. ನಿಮ್ಮ ಮಗ ಪಕ್ಕದಲ್ಲಿ ಕೂರೋ ಪೆಟ್ಟಿಗೆ ಒಳಗೆ ನಾನು ಪಟಾಕಿ ಇಡಲ್ಲ.” ಆ ಮನುಷ್ಯ ನೇರ ಅಂಗಡಿಗೆ ಹೋಗಿ ಭಾಯ್‌ಗೆ ದೂರು ಕೊಟ್ಟರು. ಭಾಯ್ ಕ್ಷಮೆ ಕೇಳಿದರು. ಆದರೆ ಅಗ್ಗದ ಡಬ್ಬಿ ಮಾತ್ರ ಹಾಕಿಕೊಡಲಿಲ್ಲ. ಅಷ್ಟರ ಮಟ್ಟಿಗಾದರೂ ಅವರು ಆಪಾ ಪರ ಇದ್ದರು.

ನಾನು ಅವರ ಮೇಜಿನ ಎದುರಿಗೆ ಕೂತದ್ದು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ. ಮತ್ತಿಕೆರೆಯಲ್ಲಿ ಓದುತ್ತಿದ್ದೆ. ಗೇಮ್ ಆಡುವ ಹುಚ್ಚು ಇತ್ತು, ಕಾಲೇಜಿನ ತಂಡದಲ್ಲಿ ನಾನೊಬ್ಬಳೇ ಹುಡುಗಿ. ಎರಡು ವರ್ಷ ಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ್ದ ದುಡ್ಡು ಹಿಡಿದುಕೊಂಡು ತಂಡದ ಒಬ್ಬ ಹುಡುಗನ ಜೊತೆ, ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವನು ಒಂದು ಗಂಟೆ ಹೊತ್ತು ಅವನ ಮುಖ ನೋಡಿಕೊಂಡೇ ನನ್ನ ಕಂಪ್ಯೂಟರಿನ ಬಗ್ಗೆ ಮಾತಾಡಿದ. ನಾನು ಓವರ್‌ಕ್ಲಾಕ್ ಮಾಡಬೇಕು, ಅಂದರೆ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸಬೇಕು, ಅದನ್ನು ತಾಳಿಕೊಳ್ಳುವ ಭಾಗಗಳು ಬೇಕು ಅಂದೆ. ಅವನು ನನ್ನ ಜೊತೆಗಿದ್ದವನಿಗೆ, ‘ಮೇಡಂಗೆ ಪಿಂಕ್ ಕಲರ್ ಕ್ಯಾಬಿನೆಟ್ ಇದೆ ಬ್ರದರ್, ತೋರಿಸ್ಲಾ’ ಅಂದ. ಆ ಅಂಗಡಿಯವನು ಬರೆದುಕೊಟ್ಟ ಪಟ್ಟಿ ತಂದು ಆಪಾ ಮುಂದೆ ಇಟ್ಟೆ.

ಆಪಾ ಕೆಂಪು ಪೆನ್ನು ತಗೊಂಡು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹೊಡೆದು ಹಾಕುತ್ತಾ ಬಂದರು. ಕ್ಯಾಬಿನೆಟ್ ಹೋಯಿತು, ಬಣ್ಣದ ಫ್ಯಾನುಗಳು ಹೋದವು, ಮದರ್‌ಬೋರ್ಡ್ ಹೋಯಿತು. ಎಲ್ಲರೂ ಪ್ರೊಸೆಸರ್‌ನಿಂದ ಲೆಕ್ಕ ಶುರು ಮಾಡುತ್ತಾರೆ, ನೀನು ಎಸ್‌ಎಂಪಿಎಸ್‌ನಿಂದ ಶುರು ಮಾಡು ಅಂದರು. ಜೋರಾಗಿ ಓಡಿಸುವ ಮೆಷಿನ್ ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಕರೆಂಟು ಕೊಡುವ ಡಬ್ಬಿ ಮೊದಲು. ಆ ಕರೆಂಟನ್ನು ಪ್ರೊಸೆಸರಿಗೆ ಮುಟ್ಟಿಸುವ ಮದರ್‌ಬೋರ್ಡ್ ಆಮೇಲೆ. ಮೂರನೆಯದು ಬಿಸಿ ಎಳೆದು ಹಾಕುವ ಕೂಲರ್. ವೇಗಕ್ಕೆ ಬೀಗ ಹಾಕದ ಪ್ರೊಸೆಸರ್ ಇವುಗಳ ನಂತರ. ಅದೂ ಹೋದ ವರ್ಷದ್ದು ಸಾಕು, ಹೊಸದರ ಬೆಲೆಯಲ್ಲಿ ಅರ್ಧ ಅದರ ಡಬ್ಬಕ್ಕೇ ಹೋಗುತ್ತೆ ಅಂದರು. ಗ್ರಾಫಿಕ್ಸ್ ಕಾರ್ಡನ್ನು ಅವರೇ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿ, ನಾಲ್ಕು ತಿರಸ್ಕರಿಸಿ, ಐದನೆಯದನ್ನು ಮೂಸಿ ನೋಡಿ ತಗೊಂಡರು. ಸುಟ್ಟ ಬೋರ್ಡಿನ ವಾಸನೆ ಎಷ್ಟು ಒರೆಸಿದರೂ ಹೋಗುವುದಿಲ್ಲವಂತೆ. ಕ್ಯಾಬಿನೆಟ್ಟಿಗೆ ಅವರ ಮನೆಯ ಅಟ್ಟದ ಮೇಲಿದ್ದ ಹಳೆಯ ತಗಡಿನ ಪೆಟ್ಟಿಗೆ. ಅದರ ಪಕ್ಕಕ್ಕೆ ತಾವೇ ಡ್ರಿಲ್ ಹಿಡಿದು ಗಾಳಿಯಾಡಲು ತೂತು ಕೊರೆದರು. ನೋಡಲು ಪಾರಿವಾಳದ ಗೂಡಿನ ಹಾಗಿತ್ತು.

ಜೋಡಿಸಿದ ಮೇಲೆ ವೇಗ ಏರಿಸಲು ಹದಿನೈದು ದಿನ ತಗೊಂಡರು. ದಿನಕ್ಕೆ ಒಂದೇ ಮೆಟ್ಟಿಲು. ಏರಿಸಿ, ಎರಡು ಗಂಟೆ ಓಡಿಸಿ, ಎಷ್ಟು ಬಿಸಿಯಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ನನಗೆ ಆತುರ. ಒಂದು ದಿನ ಎರಡು ಮೆಟ್ಟಿಲು ಹಾರೋಣ ಅಂದೆ. ಆಪಾ ಕನ್ನಡಕ ತೆಗೆದು, “ನಿಮಗೆ ಅರ್ಜೆಂಟ್ ಇದ್ರೆ ನೀವು ಎಸ್.ಪಿ. ರೋಡಿಗೆ ಹೋಗಿ” ಅಂದರು. ಮತ್ತೆ ಯಾವತ್ತೂ ಆತುರ ಮಾಡಲಿಲ್ಲ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ನಾವಿಬ್ಬರೂ ಬೆವರುತ್ತಾ ಕೂತು ಕೊನೆಯ ಪರೀಕ್ಷೆ ಮಾಡಿದೆವು. ಮೆಷಿನ್ ನಿಲ್ಲಲಿಲ್ಲ. ಈಗ ಇದು ನಿನ್ನದು ಅಂದರು, ಎದ್ದು ಹೋಗಿ ಕಿಟಕಿ ತೆರೆದರು.

ಮುಂದಿನ ವರ್ಷ ಭಾಯ್ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ಅವರ ಪದ್ಧತಿಯಂತೆ ಆಪಾ ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಗೆ ಬರಲಿಲ್ಲ. ಅದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ, ತಮಗೂ ಆ ಮೌನ ಬೇಕಾಗಿತ್ತು ಅಂದಿದ್ದರು. ನನಗೆ ಸಿಟ್ಟು ಬರುವುದು ಆ ನಾಲ್ಕು ತಿಂಗಳನ್ನು ಅವರ ಮೈದುನ ಬಳಸಿಕೊಂಡ ರೀತಿಗೆ. ಅದುವರೆಗೆ ಮೊಬೈಲ್ ಕವರ್ ಮಾರಿಕೊಂಡಿದ್ದ ಆ ಮನುಷ್ಯ ಅಣ್ಣನ ಅಂಗಡಿಗೆ ಬಂದು ಕೂತ. ಆಪಾ ಹೊರಗೆ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಅವನ ಫೋನ್ ನಂಬರಿತ್ತು, ಗಾಜಿನ ಶೋಕೇಸು ಬಂದಿತ್ತು, ಒಳಗೆ ಬಣ್ಣದ ಲೈಟುಗಳು ಮಿನುಗುತ್ತಿದ್ದವು. ಇನ್ನು ಮೇಲೆ ನಾನೇ ಕೌಂಟರಿನಲ್ಲಿ ಕೂರುತ್ತೇನೆ ಅಂತ ಆಪಾ ಹೇಳಿದರು. ಅವನು, ಅತ್ತಿಗೆಯನ್ನು ಬೀದಿಯಲ್ಲಿ ಕೂರಿಸಿದ ಅಂತ ಜನ ನನ್ನನ್ನ ಆಡಿಕೊಳ್ಳುತ್ತಾರೆ, ನೀವು ಮನೆಯಲ್ಲಿ ಆರಾಮಾಗಿರಿ ಅಂದನಂತೆ. ಗೌರವದ ಮಾತಿನಲ್ಲೇ ಬಾಗಿಲು ಹಾಕಿದ.

ನನ್ನ ಕೊನೆಯ ವರ್ಷ ಮುಗಿಯುವ ಹೊತ್ತಿಗೆ ಅವನಿಗೆ ಆಪಾ ಮತ್ತೆ ಬೇಕಾದರು. ಮತ್ತಿಕೆರೆಯಲ್ಲಿ, ನಮ್ಮ ಕಾಲೇಜಿನ ಹತ್ತಿರವೇ, ಒಬ್ಬರು ಗೇಮಿಂಗ್ ಕೆಫೆ ತೆರೆಯುತ್ತಿದ್ದರು. ಹನ್ನೆರಡು ಮೆಷಿನ್ ಬೇಕು, ಎಲ್ಲವೂ ಓವರ್‌ಕ್ಲಾಕ್ ಆಗಿರಬೇಕು, ಬಜೆಟ್ ಮಾತ್ರ ಬಿಗಿ. ಮೈದುನನಿಗೆ ಅದರ ತಲೆ ಬುಡ ಗೊತ್ತಿರಲಿಲ್ಲ. ಒಂದು ಡಬ್ಬಿ ಸಿಹಿ ಹಿಡಿದುಕೊಂಡು ಅತ್ತಿಗೆ ಮನೆಗೆ ಬಂದ. ಆಪಾ ಒಪ್ಪಿಕೊಂಡರು, ಒಂದೇ ಷರತ್ತು: ತಾವು ಬರೆಸಿದ ಪಟ್ಟಿಯಲ್ಲಿ ಒಂದು ಸಾಲೂ ಬದಲಾಗಬಾರದು.

ಆ ಪಟ್ಟಿ ಟೈಪ್ ಮಾಡಿದ್ದು ನಾನು. ಮೂರು ದಿನ ಸಂಜೆ ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಯಾವ ಡಬ್ಬಿ, ಯಾವ ಬೋರ್ಡು, ಎಷ್ಟು ವೋಲ್ಟೇಜು, ಎಷ್ಟು ವೇಗ. ಕೊನೆಯಲ್ಲಿ ಒಂದು ಸಾಲು ಬರೆಸಿದರು: ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡ್ ಬದಲಾಯಿಸಿದರೆ ಈ ವೇಗದಲ್ಲಿ ಓಡಿಸಬಾರದು. ದಪ್ಪ ಅಕ್ಷರದಲ್ಲಿ ಹಾಕು ಅಂದರು, ಹಾಕಿದೆ. ಆ ದಿನಗಳಲ್ಲಿ ಆಪಾ ಯಾರಿಗೂ ‘ನೀವು’ ಅನ್ನಲಿಲ್ಲ. ಪಟ್ಟಿಗೆ ಮುಂಚೆಯೇ ಮೊದಲ ಮೆಷಿನನ್ನು ಮನೆಯಲ್ಲೇ ತಾವೇ ಜೋಡಿಸಿ, ನನ್ನದರ ಹಾಗೆ ಹದಿನೈದು ದಿನ ಏರಿಸಿ ನೋಡಿ ವೇಗ ಗೊತ್ತುಮಾಡಿಕೊಂಡಿದ್ದರು. ಕೆಫೆಯ ಮಾಲೀಕರು ಬಂದು ಕೂತು ಆಡಿ ನೋಡಿ, ಫಸ್ಟ್ ಕ್ಲಾಸ್ ಅಂದರು, ಮೈದುನನ ಕೈ ಕುಲುಕಿದರು. ಪರದೆಯ ಪಕ್ಕದಲ್ಲೇ ನಿಂತಿದ್ದ ಆಪಾ ಕಡೆ ತಿರುಗಿ, ‘ಟೀ ಚೆನ್ನಾಗಿತ್ತಮ್ಮ’ ಅಂದರು.

ಉಳಿದ ಹನ್ನೊಂದನ್ನು ಅಂಗಡಿಯಲ್ಲೇ ಜೋಡಿಸುತ್ತೇನೆ, ನೀವು ಯಾಕೆ ಕಷ್ಟಪಡುತ್ತೀರಿ ಅಂದ ಮೈದುನ. ಆಪಾ ಬಂದು ನೋಡುತ್ತೇನೆ ಅಂದಾಗಲೆಲ್ಲ ಇವತ್ತು ಬೇಡ, ನಾಳೆ ಬನ್ನಿ ಅಂತ ತಳ್ಳಿಕೊಂಡು ಬಂದ. ಕೆಫೆ ಶುರುವಾಗಿಹೋಯಿತು.

ಎರಡು ತಿಂಗಳಾಗಿತ್ತು. ಒಂದು ಶನಿವಾರ ಮಧ್ಯಾಹ್ನ, ಕೆಫೆ ತುಂಬಿದ್ದಾಗ, ಒಂದು ಮೆಷಿನ್ನಿನ ಎಸ್‌ಎಂಪಿಎಸ್ ಸಿಡಿಯಿತು. ಕಿಡಿ ಹಾರಿ ಪಕ್ಕದ ಕಿಟಕಿಯ ಪರದೆ ಹೊತ್ತಿಕೊಂಡಿತು. ಕೌಂಟರಿನಲ್ಲಿದ್ದವರು, ನಲವತ್ತು ದಾಟಿದ ಮನುಷ್ಯ, ಓಡಿ ಬಂದು ಪ್ಲಗ್ ಕೀಳಲು ಹೋದರು, ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿಕೊಂಡಿತು. ಮಕ್ಕಳಿಗೆಲ್ಲ ಏನೂ ಆಗಲಿಲ್ಲ. ಅವರ ಬಲಗೈಯ ಚರ್ಮ ಹೋಯಿತು.

ಸಂಜೆಯೊಳಗೆ ಇಡೀ ಬಡಾವಣೆಗೆ ಕತೆ ತಲುಪಿತ್ತು, ಅದೂ ಒಂದೇ ರೂಪದಲ್ಲಿ: ಯಾರೋ ಹೆಂಗಸು ಮನೆಯಲ್ಲಿ ಕೂತು ಮಾಡಿಕೊಟ್ಟಿದ್ದಂತೆ. ಸುಟ್ಟ ಕೈಯವರನ್ನು ನೋಡಲು ಆಪಾ ಮರುದಿನ ಆಸ್ಪತ್ರೆಗೆ ಗಂಜಿ ಮಾಡಿಕೊಂಡು ಹೋದರು. ಆ ಮನುಷ್ಯನಿಗೂ ಅದೇ ಕತೆ ಮುಟ್ಟಿತ್ತು. ಅವರು ಗೋಡೆ ಕಡೆ ತಿರುಗಿ ಮಲಗಿದರು. ಆಪಾ ಡಬ್ಬಿಯನ್ನು ಅವರ ಹೆಂಡತಿಯ ಕೈಗೆ ಕೊಟ್ಟು ಬಂದರು.

ಸೋಮವಾರ ಕೆಫೆಯಲ್ಲಿ ಎಲ್ಲರೂ ಸೇರಿ ಮಾತಾಡುವುದು ಅಂತಾಯಿತು. ಬೆಳಗ್ಗೆ ಆಪಾ ನಮ್ಮ ಮನೆಗೆ ಬಂದು, ನೀನೂ ಬಾ, ಪಟ್ಟಿ ಟೈಪ್ ಮಾಡಿದ್ದು ನೀನಲ್ವಾ ಅಂದರು. ಬರುತ್ತೇನೆ ಅಂದೆ. ಅವರು ಹೋದ ಮೇಲೆ ನಮ್ಮಪ್ಪ ಪೇಪರ್ ಮಡಿಚಿಟ್ಟರು. ನನಗೆ ಆಗಷ್ಟೇ ಒಂದು ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು, ಸೇರುವ ಮುಂಚೆ ಪೊಲೀಸ್ ವೆರಿಫಿಕೇಶನ್ ಆಗಬೇಕಿತ್ತು. ಬೆಂಕಿ ವಿಷಯ, ಒಬ್ಬರಿಗೆ ಗಾಯ ಆಗಿದೆ, ನಾಳೆ ಕೇಸಾದರೆ ಪಟ್ಟಿ ಮಾಡಿದವರು ಅಂತ ನಿನ್ನ ಹೆಸರೂ ಬರುತ್ತೆ ಅಂದರು. ಅದು ಅವರ ಮನೆ ವಿಷಯ, ಅತ್ತಿಗೆ ಮೈದುನ ನೋಡ್ಕೊಳ್ತಾರೆ. ಹೋಗಬೇಡ ಅನ್ನಲ್ಲ, ಹೋಗಿ ಸುಮ್ಮನೆ ಇದ್ದು ಬಾ. ಅಮ್ಮ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಲಿಲ್ಲ.

ಕೆಫೆಯಲ್ಲಿ ಮಾಲೀಕರಿದ್ದರು, ಅವರ ಇಬ್ಬರು ಸ್ನೇಹಿತರಿದ್ದರು, ಮೈದುನ ಇದ್ದ. ಸುಟ್ಟ ವಾಸನೆ ಇನ್ನೂ ಇತ್ತು. ಮೈದುನ ಬಹಳ ವಿನಯದಿಂದ ಶುರು ಮಾಡಿದ. ಅತ್ತಿಗೆಗೆ ವಯಸ್ಸಾಯಿತು, ಬಜೆಟ್ ಸಾಲದೆ ಬಂದಾಗ ಡಬ್ಬಿ, ಬೋರ್ಡು ಅಗ್ಗದ್ದೇ ಹಾಕು ಅಂತ ಫೋನಿನಲ್ಲಿ ಅವರೇ ಹೇಳಿದ್ದರು, ನಾನು ಅವರ ಮಾತು ಕೇಳಿದ್ದೇ ತಪ್ಪು ಅಂದ. ಅವನ ದನಿಯಲ್ಲಿ ನಡುಕವಿತ್ತು, ಎಷ್ಟು ಚೆನ್ನಾಗಿ ನಡುಗಿಸಿದ ಅಂದರೆ ಮಾಲೀಕರ ಸ್ನೇಹಿತರೊಬ್ಬರು ಅವನ ಬೆನ್ನು ತಟ್ಟಿದರು.

ಆಪಾ ನಾನು ಹಾಗೆ ಹೇಳಿಲ್ಲ ಅಂದರು. ಬದಲಾಯಿಸಬಾರದು ಅಂತ ಬರೆಸಿದ್ದೇನೆ ಅಂದರು. ಬರೆಸಿದ ಕಾಗದ ಎಲ್ಲಿ ಅಂತ ಮಾಲೀಕರು ಕೇಳಿದರು. ಮೈದುನನ ಕೈಗೆ ಕೊಟ್ಟಿದ್ದೆ ಅಂದರು ಆಪಾ. ಅವನು, ಯಾವ ಕಾಗದ ಅತ್ತಿಗೆ, ಎಲ್ಲ ಬಾಯಲ್ಲೇ ಹೇಳಿದ್ದಲ್ವಾ ಅಂದ. ಆಗ ಆಪಾ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಆತಂಕವೇ ಇರಲಿಲ್ಲ. ಅದನ್ನು ಬರೆಯಲೇ ಕೈ ಬರುತ್ತಿಲ್ಲ, ಅಷ್ಟು ನಿಶ್ಚಿಂತೆಯಾಗಿ ತಿರುಗಿದರು.

“ಇವಳೇ ಟೈಪ್ ಮಾಡಿದ್ದು. ಕೇಳಿ.”

ಎಲ್ಲರೂ ನನ್ನನ್ನು ನೋಡಿದರು. ಆ ಫೈಲು ನನ್ನ ಮೇಲ್‌ನಲ್ಲಿತ್ತು. ಫೋನ್ ನನ್ನ ಕೈಯಲ್ಲೇ ಇತ್ತು, ಹುಡುಕಲು ಅರ್ಧ ನಿಮಿಷ ಸಾಕಿತ್ತು.

“ಏನೇನೋ ಟೈಪ್ ಮಾಡಿದ್ದೆ,” ಅಂದೆ. “ನಂಗೆ ಸರಿಯಾಗಿ ನೆನಪಿಲ್ಲ.”

ಆಪಾ ನನ್ನನ್ನು ನೋಡಿದ್ದು ಬಹಳ ಹೊತ್ತಲ್ಲ. ಆಮೇಲೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು. ಯಾರ ಅಪ್ಪಣೆಯನ್ನೂ ಕೇಳದೆ ಮೊದಲನೆಯ ಮೆಷಿನ್ನಿನ ಮುಂದೆ ನೆಲದ ಮೇಲೆ ಕೂತು, ಪಕ್ಕದ ಬಾಗಿಲು ಬಿಚ್ಚಿ, ಎಸ್‌ಎಂಪಿಎಸ್ ಹೊರಗೆ ತೆಗೆದು ಕಾರ್ಪೆಟ್ಟಿನ ಮೇಲಿಟ್ಟರು. ಎರಡನೆಯದು. ಮೂರನೆಯದು. ಮೈದುನ ಅತ್ತಿಗೆ, ಅತ್ತಿಗೆ ಅಂತ ಹಿಂದೆ ಹಿಂದೆ ಓಡಾಡಿದ. ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಒಂದೂವರೆ ಗಂಟೆಯಲ್ಲಿ ಸುಟ್ಟದ್ದೂ ಸೇರಿ ಹನ್ನೊಂದು ಡಬ್ಬಿಗಳು ಒಂದು ಸಾಲಿನಲ್ಲಿದ್ದವು, ಅವರು ಮನೆಯಲ್ಲಿ ಜೋಡಿಸಿದ ಮೆಷಿನ್ನಿನದು ಒಂದು ಬೇರೆಯಾಗಿತ್ತು. ಆ ಹನ್ನೊಂದರ ಮೇಲೆ ದೊಡ್ಡ ದೊಡ್ಡ ಸಂಖ್ಯೆ ಅಚ್ಚಾಗಿತ್ತು, ಹೆಸರು ಮಾತ್ರ ಯಾರೂ ಕೇಳಿದ್ದಲ್ಲ. ಆಪಾ ಸಾಲಿನಿಂದ ಒಂದನ್ನು ಮಾಲೀಕರ ಎಡಗೈಗೆ, ತಮ್ಮದನ್ನು ಬಲಗೈಗೆ ಕೊಟ್ಟರು. ಒಳಗೆ ತಾಮ್ರ ಎಷ್ಟಿದೆ ಅಂತ ಕೈಗೇ ಗೊತ್ತಾಗುತ್ತೆ, ನೋಡಿ ಅಂದರು. ಎಡಗೈಯದು ಖಾಲಿ ತಿಂಡಿ ಡಬ್ಬಿಯ ಹಾಗಿತ್ತು ಅಂತ ದೂರದಲ್ಲಿ ನಿಂತಿದ್ದ ನನಗೂ ಕಾಣುತ್ತಿತ್ತು.

ಮಾಲೀಕರು ಎರಡನ್ನೂ ಕೆಳಗಿಟ್ಟು ಕೈ ಒರೆಸಿಕೊಂಡರು. “ತೂಕ ಹಾಕೋಕೆ ಇದೇನ್ ತರಕಾರಿನಾಮ್ಮ? ಅಗ್ಗದ್ದು ಹಾಕು ಅಂದಿದ್ದು ನೀವೇ ಅಂತ ಅವರು ಹೇಳ್ತಿದ್ದಾರಲ್ಲ.”

ಅಲ್ಲಿಗೆ ಮುಗಿಯಿತು. ಅಗ್ಗದ್ದು ಅಂತ ಎಲ್ಲರೂ ಒಪ್ಪಿದ್ದರು, ಯಾರು ಹಾಕಿಸಿದ್ದು ಅನ್ನುವುದಷ್ಟೇ ಪ್ರಶ್ನೆ. ಅದನ್ನು ಹೇಳಬಹುದಾಗಿದ್ದವಳು ನಾನೊಬ್ಬಳು. ಕೇಸು ಬೇಡ, ಮೈದುನ ಎಲ್ಲ ಡಬ್ಬಿ, ಬೋರ್ಡು ಹೊಸದಾಗಿ ಹಾಕಿಸಿಕೊಡಲಿ, ಆಸ್ಪತ್ರೆ ಖರ್ಚು ನೋಡಿಕೊಳ್ಳಲಿ ಅಂತ ಮಾತಾಯಿತು. ಅವರವರೇ ಕೈ ಕುಲುಕಿದರು. ಆಪಾ ಮಾತ್ರ ಮತ್ತೆ ನೆಲದ ಮೇಲೆ ಕೂತಿದ್ದರು. ಹೊಸ ಡಬ್ಬಿ ಬರುವವರೆಗೆ ಇವರು ಇದರಲ್ಲೇ ಮಕ್ಕಳನ್ನ ಕೂರಿಸುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಉಳಿದ ಒಂದೊಂದು ಡಬ್ಬಿಯನ್ನೂ ಮತ್ತೆ ಸೇರಿಸಿ, ಒಂದೊಂದು ಮೆಷಿನ್ನನ್ನೂ ತೆರೆದು, ವೇಗವನ್ನು ಕಂಪನಿಯವರು ಇಟ್ಟಷ್ಟಕ್ಕೇ ಇಳಿಸುತ್ತಾ ಬಂದರು. ತಾವೇ ಹದಿನೈದು ದಿನ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಕಂಡುಕೊಂಡಿದ್ದ ಅಂಕೆಗಳನ್ನು ತಾವೇ ಅಳಿಸಿದರು. ನಾನು ಹತ್ತಿರ ಹೋಗಿ ಸ್ಕ್ರೂ ಹಿಡಿದುಕೊಳ್ಳಲಾ ಅಂತ ಕೈ ಚಾಚಿದೆ.

“ನೀವು ಹೋಗಿಮ್ಮ,” ಅಂದರು. “ಮನೇಲಿ ಕಾಯ್ತಿರ್ತಾರೆ.”

ಹೋದೆ. ಅಪ್ಪ ಹೇಗಾಯ್ತು ಅಂದರು. ಏನೂ ತೊಂದರೆ ಇಲ್ಲ ಅಂದೆ. ಒಳ್ಳೇದಾಯ್ತು ಅಂದರು. ಮುಂದಿನ ತಿಂಗಳು ಕೆಲಸಕ್ಕೆ ಸೇರಿದೆ. ವೆರಿಫಿಕೇಶನ್ನಿಗೆ ಬಂದ ಪೊಲೀಸಪ್ಪ ವಿಳಾಸ ಸರಿ ಇದೆಯಾ ಅಂತ ಮಾತ್ರ ಕೇಳಿದ.

ಆಪಾ ಆಮೇಲೆ ಯಾರಿಗೂ ಕಂಪ್ಯೂಟರ್ ಜೋಡಿಸಿಕೊಡಲಿಲ್ಲ. ಮೇಜನ್ನು ಮತ್ತೆ ಊಟಕ್ಕೆ ಬಳಸಿದರು. ಮೈದುನ ಮಾರುಕಟ್ಟೆಯಲ್ಲಿ, ಅತ್ತಿಗೆ ಮಾಡಿದ ತಪ್ಪನ್ನು ನಾನು ಕೈಯಿಂದ ಹಾಕಿ ಸರಿಮಾಡಿಕೊಟ್ಟೆ ಅಂತ ಹೇಳಿಕೊಂಡು ಓಡಾಡಿದ. ಅದರಿಂದ ಅವನ ಹೆಸರು ಏರಿತು. ಈಗ ಸೋಲದೇವನಹಳ್ಳಿಯಲ್ಲಿ, ಕಾಲೇಜುಗಳ ಪಕ್ಕ, ಎರಡನೇ ಅಂಗಡಿ ಇದೆ. ಅದರ ಮುಂದೆ ಹೋದಾಗಲೆಲ್ಲ ಇಳಿದು ಹೋಗಿ ಆ ಗಾಜು ಒಡೆಯಬೇಕು ಅನ್ನಿಸುತ್ತದೆ. ಆಪಾ ಮೇಲೂ ನನಗೆ ಸಿಟ್ಟಿದೆ. ಯಾಕೆ ಸುಮ್ಮನಾದರು. ಯಾಕೆ ನಮ್ಮ ಮನೆ ಬಾಗಿಲಿಗೆ ಬಂದು ನನ್ನ ಕೆನ್ನೆಗೆ ಹೊಡೆಯಲಿಲ್ಲ. ಒಂದು ಸಲ ಬೈದಿದ್ದರೆ ನಾನು ಅತ್ತು, ಆ ಫೈಲನ್ನು ಊರಿಗೆಲ್ಲ ಕಳಿಸುತ್ತಿದ್ದೆನೇನೋ. ಹೀಗೆ ಅಂದುಕೊಳ್ಳುವುದೂ ಹೇಡಿತನವೇ, ಗೊತ್ತಿದೆ.

ಮಗಳ ಮದುವೆಯಾದ ಮೇಲೆ ಅವರು ಅವಳ ಜೊತೆ ಯಲಹಂಕದ ಅಪಾರ್ಟ್‌ಮೆಂಟಿಗೆ ಹೋದರು. ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಒಮ್ಮೆ ಸಿಕ್ಕಿದ್ದರು. ತುಂಬ ಇಳಿದುಹೋಗಿದ್ದರು. ನಾನು ಏನೋ ಹೇಳಬೇಕು ಅಂತ ಬಾಯಿ ತೆರೆದೆ. ಅವರು ಅದಕ್ಕೆ ಜಾಗವನ್ನೇ ಕೊಡದೆ, ನಿಮ್ಮ ಮೆಷಿನ್ ಇನ್ನೂ ಓಡುತ್ತಿದೆಯಾ ಅಂತ ಕೇಳಿದರು. ಓಡುತ್ತಿದೆ ಅಂದೆ. ಬಿಸಿ ಎಳೆಯಲು ಪ್ರೊಸೆಸರ್ ಮೇಲೆ ಹಚ್ಚಿದ್ದ ಪೇಸ್ಟ್ ಒಣಗಿರುತ್ತೆ, ಬದಲಾಯಿಸಿಕೊಳ್ಳಿ ಅಂದರು. ರೈಲು ಬಂತು. ಮುಖಾಮುಖಿ ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಸಾವಿನ ಸುದ್ದಿ ಅಮ್ಮನ ಫೋನಿನಿಂದ ಗೊತ್ತಾಯಿತು. ಮೂರನೇ ದಿನದ ಪ್ರಾರ್ಥನೆಗೆ ಯಲಹಂಕದ ಮನೆಗೆ ಹೋದೆ. ಹಾಲ್‌ನಲ್ಲಿ ಗಂಡಸರು ಕೂತಿದ್ದರು, ಒಳಕೋಣೆಯಲ್ಲಿ ಹೆಂಗಸರು. ನಾನು ಎರಡರ ನಡುವಿನ ಬಾಗಿಲ ಹತ್ತಿರ ಕುರ್ಚಿಯ ಮೇಲೆ ಕೂತೆ. ಪ್ರಾರ್ಥನೆ ಮುಗಿದ ಮೇಲೆ ಮೈದುನ ಅತ್ತಿಗೆಯ ಬಗ್ಗೆ ಮಾತಾಡಿದ. ಮೊದಲು ಉರ್ದುವಿನಲ್ಲಿ, ಆಮೇಲೆ ನೆರೆಹೊರೆಯವರಿಗೋಸ್ಕರ ಕನ್ನಡದಲ್ಲಿ. ತಾಯಿಯ ಹಾಗಿದ್ದರು ಅಂದ. ಅಣ್ಣನ ಕೆಲಸಕ್ಕೂ ಆಗಾಗ ಕೈ ಜೋಡಿಸುತ್ತಿದ್ದರು, ಬಂದ ಗಿರಾಕಿಗಳಿಗೆಲ್ಲ ಬೇಸರವಿಲ್ಲದೆ ಟೀ ಮಾಡಿಕೊಡುತ್ತಿದ್ದರು ಅಂದ.

ನಾನು ಎದ್ದು ನಿಂತೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಮತ್ತಿಕೆರೆ ಕೆಫೆಯ ಪಟ್ಟಿ ಟೈಪ್ ಮಾಡಿದ್ದು ನಾನು, ಆಪಾ ಬರೆಸಿದ್ದು ಬೇರೆ, ಇವರು ಹಾಕಿದ್ದು ಬೇರೆ, ಬದಲಾಯಿಸಬಾರದು ಅಂತ ಆಪಾ ದಪ್ಪ ಅಕ್ಷರದಲ್ಲಿ ಬರೆಸಿದ್ದರು, ಆವತ್ತು ನಾನು ಸುಳ್ಳು ಹೇಳಿದೆ ಅಂತ ಹೇಳಿದೆ. ಭಾಯ್ ಅಂಗಡಿಯಲ್ಲಿ ನೀವೆಲ್ಲ ಕೊಂಡ ಒಂದೊಂದು ಮೆಷಿನ್ನೂ ಆಪಾ ಆರಿಸಿದ್ದು ಅಂತಲೂ ಹೇಳಿದೆ. ಮೈದುನ ತಲೆ ತಗ್ಗಿಸಿ ನಿಧಾನವಾಗಿ, “ಇಂಥ ದಿನ ಆ ಮಾತೆಲ್ಲ ಯಾಕಮ್ಮ? ಅವರ ಆತ್ಮಕ್ಕೆ ಶಾಂತಿ ಸಿಗಲಿ” ಅಂದ. ಸುತ್ತ ಕೂತಿದ್ದವರು ತಲೆಯಾಡಿಸಿದರು. ಅವನ ಮಾತಿಗೆ. ಯಾರೋ ನನ್ನ ಕೈಗೆ ನೀರಿನ ಲೋಟ ಕೊಟ್ಟರು.

ಹೊರಟಾಗ ಆಪಾ ಮಗಳು ಲಿಫ್ಟಿನವರೆಗೆ ಬಂದಳು. ಅತ್ತೂ ಅತ್ತೂ ಕಣ್ಣು ಊದಿದ್ದವು. ನಾನು ಅವಳ ಕೈ ಹಿಡಿದು, ಇಷ್ಟು ವರ್ಷ ಬೇಕಾಯ್ತು ನನಗೆ, ಇವತ್ತಾದರೂ ಹೇಳಿದೆನಲ್ಲ ಅಂದೆ. ಅವಳು ಕೈ ಬಿಡಿಸಿಕೊಂಡಳು. ತನಗೆ ಮೊದಲೇ ಗೊತ್ತಿತ್ತು ಅಂದಳು. ಆವತ್ತು ಕೆಫೆಯಿಂದ ಬಂದ ಅಮ್ಮಿ ಊಟ ಮಾಡದೆ ಎಲ್ಲವನ್ನೂ ಹೇಳಿದ್ದರಂತೆ, ನನ್ನ ಬಗ್ಗೆ ಮಾತ್ರ ಒಂದು ಕೆಟ್ಟ ಮಾತೂ ಆಡಲಿಲ್ಲವಂತೆ. ಹುಡುಗಿ ಹೆದರಿದಳು, ಅಷ್ಟೇ, ಅಂದರಂತೆ.

ಆಮೇಲೆ ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

“ಆವತ್ತೇ ಹೇಳಿದ್ರೆ ನಿಮಗೆ ಏನಾಗ್ತಿತ್ತು ಅಕ್ಕ?”

ಲಿಫ್ಟ್ ಬಂದು ನಿಂತಿತ್ತು. ಬಾಗಿಲು ತೆರೆದುಕೊಂಡು, ಯಾರೂ ಹತ್ತದ್ದಕ್ಕೆ ಮತ್ತೆ ಮುಚ್ಚಿಕೊಂಡಿತು.

“ಏನೂ ಆಗ್ತಿರ್ಲಿಲ್ಲ,” ಅಂದೆ.